ಸವೆದ ಸರಪಳಿ ಕಲಿಸಿದ ಪಾಠ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವೇದಿಕೆಗೆ ಬಂದರೆ ಭಾಷೆಯ ಬಗ್ಗೆಯೋ ವ್ಯಾಕರಣದ ಬಗ್ಗೆಯೋ ಮಾತನಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಆದರೆ ಇಂದು ನಾನು ಮಾತನಾಡಬೇಕೆಂದಿರುವುದು ಕಾರಿನ ಎಂಜಿನ್ನಿನೊಳಗಿರುವ ಒಂದು ಸರಪಳಿಯ ಬಗ್ಗೆ. ಅದಕ್ಕೆ ಟೈಮಿಂಗ್ ಚೈನ್ ಎನ್ನುತ್ತಾರೆ. ಅದು ಸವೆದರೆ ಏನಾಗುತ್ತದೆ, ಅದನ್ನು ಬದಲಿಸುವುದು ಹೇಗೆ, ಅದನ್ನು ನೋಡುತ್ತಾ ನಿಂತ ನನ್ನಂಥ ಶಿಕ್ಷಕನೊಬ್ಬ ಏನು ಕಲಿತ ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಉರ್ದುವಿನಲ್ಲಿ ಶಿಕ್ಷಕನಿಗೆ 'ಉಸ್ತಾದ್' ಎನ್ನುತ್ತೇವೆ, ಕಲಿಯುವವನಿಗೆ 'ಶಾಗಿರ್ದ್' ಎನ್ನುತ್ತೇವೆ. ನಮ್ಮೂರಿನ ಯಾವ ಗ್ಯಾರೇಜಿಗೆ ಹೋದರೂ ಇದೇ ಎರಡು ಮಾತು ಕಿವಿಗೆ ಬೀಳುತ್ತವೆ. ಹತ್ತು ನಂಬರಿನ ಸ್ಪ್ಯಾನರ್ ಕೇಳುವವನು ಉಸ್ತಾದ್, ಓಡಿ ತಂದು ಕೊಡುವವನು ಶಾಗಿರ್ದ್. ಒಂದೇ ಪದ ಶಾಲೆಯಲ್ಲೂ ಇದೆ, ಗ್ಯಾರೇಜಿನಲ್ಲೂ ಇದೆ. ಆದರೆ ಎರಡಕ್ಕೂ ನಾವು ಒಂದೇ ಮರ್ಯಾದೆ ಕೊಡುತ್ತೇವೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೊನೆಗೆ ಮತ್ತೆ ಅಲ್ಲಿಗೇ ಬರುತ್ತೇನೆ.

ಮೂರು ಸೆಕೆಂಡಿನ ಸದ್ದು

ನನ್ನ ಅಣ್ಣ ಬಾಡಿಗೆ ಕಾರು ಓಡಿಸುತ್ತಾರೆ. ಸಾಲ ಮಾಡಿ ಕೊಂಡ ಹಳೆಯ ಡೀಸೆಲ್ ಕಾರು. ಮನೆಯ ಅಕ್ಕಿ, ಮಕ್ಕಳ ಫೀಸು, ಸಾಲದ ಕಂತು ಎಲ್ಲವೂ ಅದರ ಚಕ್ರದ ಮೇಲೆ ನಿಂತಿವೆ. 2022ರ ಚಳಿಗಾಲದಲ್ಲಿ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸದ್ದು ಬರತೊಡಗಿತು. ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಎರಡು ಮೂರು ಸೆಕೆಂಡು ಬಂದು ನಿಂತುಹೋಗುತ್ತಿತ್ತು. ಆಮೇಲೆ ಇಡೀ ದಿನ ಕಾರು ಚೆನ್ನಾಗಿಯೇ ಓಡುತ್ತಿತ್ತು.

ಅಣ್ಣ ನನ್ನನ್ನು ಕೇಳಿದರು. ನಾನು ಓದಿದವನಲ್ಲವೇ? "ಓಡ್ತಾ ಇದೆಯಲ್ಲ, ಸುಮ್ಮನೆ ಯಾಕೆ ಖರ್ಚು?" ಎಂದುಬಿಟ್ಟೆ. ಮೊದಲು ತೋರಿಸಿದ ಗ್ಯಾರೇಜಿನವರು ಸ್ವಲ್ಪ ದಪ್ಪ ಆಯಿಲ್ ಹಾಕಿ ಕಳಿಸಿದರು. ಸದ್ದು ಒಂದಿಷ್ಟು ದಿನ ಕಡಿಮೆಯಾಯಿತು. ನಂತರ ಮೂರು ಸೆಕೆಂಡು ಹೋಗಿ ಹತ್ತು ಸೆಕೆಂಡಾಯಿತು. ಒಂದು ದಿನ ಮೀಟರ್ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪವೂ ಹತ್ತಿತು. ಆಗ ನಾವು ಕಾರನ್ನು ಇನ್ನೊಬ್ಬ ಮೆಕ್ಯಾನಿಕ್ ಬಳಿಗೆ ತೆಗೆದುಕೊಂಡು ಹೋದೆವು. ಅವನು ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರು ಇಲ್ಲಿ ಬೇಡ, ಅವನಿಗೆ ಸಂಕೋಚವಾದೀತು.

ಅವನು ಆ ದಿನ ಎಂಜಿನ್ ಸ್ಟಾರ್ಟ್ ಮಾಡಲು ಒಪ್ಪಲಿಲ್ಲ. "ಸರ್, ರಾತ್ರಿ ಇಲ್ಲೇ ಇರಲಿ. ಬೆಳಿಗ್ಗೆ ತಣ್ಣಗಿರುವಾಗ ಕೇಳಬೇಕು" ಎಂದ. ಮರುದಿನ ಕೇಳಿದ. ಕಂಪ್ಯೂಟರ್ ಜೋಡಿಸಿ ನೋಡಿದ. ಮೇಲಿನ ಶಾಫ್ಟಿಗೂ ಕೆಳಗಿನ ಶಾಫ್ಟಿಗೂ ತಾಳ ಕೂಡುತ್ತಿಲ್ಲ ಎಂಬ ಸೂಚನೆ ಬಂತು. "ಚೈನ್ ಸವೆದಿದೆ ಸರ್. ಇವತ್ತಿನಿಂದ ಓಡಿಸಬೇಡಿ" ಎಂದ.

ಸರಪಳಿಯ ಕೆಲಸವೇನು?

ಮಿತ್ರರೇ, ಇದನ್ನು ಅರ್ಥ ಮಾಡಿಕೊಳ್ಳಲು ನೀವು ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ತಿಳಿದಿದ್ದರೆ ಸಾಕು. ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡಿ ಅದನ್ನು ತಿರುಗಿಸುತ್ತವೆ. ಮೇಲ್ಭಾಗದಲ್ಲಿ ಕ್ಯಾಮ್ ಶಾಫ್ಟ್ ಇರುತ್ತದೆ. ಅದು ವಾಲ್ವ್‌ಗಳನ್ನು ತೆರೆಯುತ್ತದೆ. ವಾಲ್ವ್‌ಗಳೆಂದರೆ ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಇರುವ ಬಾಗಿಲುಗಳು. ಈ ಎರಡು ಶಾಫ್ಟ್‌ಗಳನ್ನು ಕಟ್ಟಿಹಾಕಿ ಒಂದೇ ತಾಳಕ್ಕೆ ಕುಣಿಸುವುದೇ ಟೈಮಿಂಗ್ ಚೈನಿನ ಕೆಲಸ.

ನಾಲ್ಕು ಹಂತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗಬೇಕು. ಅದಕ್ಕಾಗಿಯೇ ಮೇಲಿನ ಹಲ್ಲುಚಕ್ರದಲ್ಲಿ ಕೆಳಗಿನದಕ್ಕಿಂತ ಎರಡರಷ್ಟು ಹಲ್ಲುಗಳಿರುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 50 ಸುತ್ತು. ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಷ್ಟು ವೇಗದಲ್ಲಿ ತಾಳ ತಪ್ಪಬಾರದು. ಏಕೆಂದರೆ ಹೆಚ್ಚಿನ ಇಂದಿನ ಎಂಜಿನ್ನುಗಳಲ್ಲಿ, ಡೀಸೆಲ್ ಎಂಜಿನ್ನುಗಳಲ್ಲಂತೂ, ತೆರೆದ ವಾಲ್ವ್ ಇಳಿದು ಬರುವ ಜಾಗಕ್ಕೇ ಸ್ವಲ್ಪ ಹೊತ್ತಿನ ನಂತರ ಪಿಸ್ಟನ್ ಏರಿ ಬರುತ್ತದೆ. ಒಬ್ಬರು ಜಾಗ ಬಿಟ್ಟ ಮೇಲೆ ಇನ್ನೊಬ್ಬರು ಬರಬೇಕು. ಸರಪಳಿ ಕೆಲವು ಹಲ್ಲು ಜಾರಿದರೆ ಅಥವಾ ಹರಿದರೆ ಇಬ್ಬರೂ ಒಟ್ಟಿಗೆ ಬಂದು ಢಿಕ್ಕಿ ಹೊಡೆಯುತ್ತಾರೆ. ವಾಲ್ವ್ ಬಾಗುತ್ತದೆ, ಪಿಸ್ಟನ್ ಒಡೆಯಬಹುದು, ಎಂಜಿನ್ ಹೋಯಿತು.

ಹಳೆಯ ಮಾರುತಿ 800ರಲ್ಲಿ ಈ ಕೆಲಸಕ್ಕೆ ಹಲ್ಲುಗಳಿರುವ ರಬ್ಬರ್ ಬೆಲ್ಟ್ ಇತ್ತು. 2010ರಲ್ಲಿ ಬಂದ ಆಲ್ಟೊ ಕೆ10ರಲ್ಲಿ ಸರಪಳಿ. ಸ್ವಿಫ್ಟ್, ಇಂಡಿಕಾ ವಿಸ್ಟಾ ಮುಂತಾದ ಕಾರುಗಳಲ್ಲಿ ಬಂದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನಲ್ಲೂ ಸರಪಳಿಯೇ. ಬೆಲ್ಟನ್ನು ಇಷ್ಟು ಕಿಲೋಮೀಟರಿಗೆ ಬದಲಿಸಿ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಸರಪಳಿಗೆ ಸಾಮಾನ್ಯವಾಗಿ ಅಂಥ ಗಡುವು ಇರುವುದಿಲ್ಲ. ಎಂಜಿನ್ ಇರುವಷ್ಟು ಕಾಲ ಬಾಳಲಿ ಎಂದೇ ಅದನ್ನು ಮಾಡಿರುತ್ತಾರೆ. ಆದ್ದರಿಂದಲೇ ಜನ ಅದನ್ನು ಮರೆಯುತ್ತಾರೆ.

ಕಬ್ಬಿಣ ಹಿಗ್ಗುತ್ತದೆಯೇ?

"ಚೈನ್ ಹಿಗ್ಗಿದೆ" ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ನಿಜವಾಗಿ ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ನನ್ನ ವಿದ್ಯಾರ್ಥಿ ಇದನ್ನು ನನಗೆ ಲೆಕ್ಕ ಮಾಡಿ ತೋರಿಸಿದ. ಸರಪಳಿಯ ಪ್ರತಿಯೊಂದು ಕೀಲಿನಲ್ಲೂ ಒಂದು ಪಿನ್ನು ಇರುತ್ತದೆ. ಆ ಪಿನ್ನು ಮತ್ತು ಅದು ಕೂರುವ ರಂಧ್ರ ತುಸುವೇ ಸವೆಯುತ್ತವೆ. ಒಂದು ಸರಪಳಿಯಲ್ಲಿ 120 ಕೀಲುಗಳಿವೆ ಎಂದುಕೊಳ್ಳಿ. ಒಂದೊಂದೂ 0.04 ಮಿಲಿಮೀಟರ್ ಸವೆದಿದೆ. ಅದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದರೆ 120ರಿಂದ ಗುಣಿಸಿ ನೋಡಿ, 4.8 ಮಿಲಿಮೀಟರ್ ಆಗುತ್ತದೆ. ಒಂದೊಂದು ಕೀಲನ್ನು ನೋಡಿದರೆ ಯಾವ ದೋಷವೂ ಕಾಣುವುದಿಲ್ಲ. ಒಟ್ಟು ಸರಪಳಿ ಮಾತ್ರ ಉದ್ದವಾಗಿರುತ್ತದೆ.

ಈ ಸಡಿಲವನ್ನು ಹಿಡಿದಿಡಲು ಟೆನ್ಷನರ್ ಎಂಬ ಭಾಗ ಇರುತ್ತದೆ. ಸಾಮಾನ್ಯವಾಗಿ ಅದು ಆಯಿಲ್ ಒತ್ತಡದಿಂದ ಹೊರಗೆ ಚಾಚಿಕೊಂಡು, ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯ ಮೂಲಕ ಸರಪಳಿಯನ್ನು ಒತ್ತಿ ಹಿಡಿಯುತ್ತದೆ. ರಾತ್ರಿಯೆಲ್ಲ ನಿಂತಾಗ ಆಯಿಲ್ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒತ್ತಡ ಬರಲು ಒಂದೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಸಡಿಲವಾದ ಸರಪಳಿ ಆಚೀಚೆ ಬಡಿದುಕೊಳ್ಳುತ್ತದೆ. ಅದೇ ನಮ್ಮ ಮೊಳೆಡಬ್ಬಿಯ ಸದ್ದು. ಅದು ಎಂಜಿನ್ ಕೊಡುವ ನೋಟಿಸು. ನಾವು ಅದನ್ನು ಓದದೆ ಮಡಚಿಟ್ಟಿದ್ದೆವು.

ಸವೆತಕ್ಕೆ ಮುಖ್ಯ ಕಾರಣ ಆಯಿಲ್. ಸರಪಳಿ ಆಯಿಲಿನಲ್ಲೇ ಓಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಆಯಿಲಿನೊಳಗೆ ಸೇರುತ್ತದೆ. ಹಳೆಯ ಆಯಿಲ್ ಎಣ್ಣೆಯಾಗಿ ಉಳಿಯದೆ ಉಜ್ಜುವ ಪುಡಿಯಂತೆ ಕೆಲಸ ಮಾಡುತ್ತದೆ. 10,000 ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು ಅಣ್ಣ 18,000, 20,000ದವರೆಗೆ ಎಳೆಯುತ್ತಿದ್ದರು. ತಪ್ಪು ಕಾರಿನದಲ್ಲ, ನಮ್ಮದೇ.

ಅರ್ಧ ರಿಪೇರಿ ರಿಪೇರಿಯಲ್ಲ

ಖರ್ಚಿನ ಮಾತು ಬಂತು. "ಚೈನ್ ಒಂದೇ ಹಾಕಿದರೆ ಎಷ್ಟು?" ಎಂದು ಅಣ್ಣ ಕೇಳಿದರು. ಅವನು ಒಪ್ಪಲಿಲ್ಲ. ಸವೆದ ಸರಪಳಿ ತನ್ನ ಜೊತೆ ಹಲ್ಲುಚಕ್ರಗಳನ್ನೂ ಸವೆಸಿರುತ್ತದೆ. ಹಳೆಯ ಹಲ್ಲಿನ ಮೇಲೆ ಹೊಸ ಸರಪಳಿ ಹಾಕಿದರೆ ಹೊಸದೂ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಪಟ್ಟಿಗಳು, ಟೆನ್ಷನರ್, ಹಲ್ಲುಚಕ್ರಗಳು, ಕ್ರ್ಯಾಂಕ್ ಸೀಲು ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಕೂಲಿ ಸೇರಿ ನಮಗೆ ಇಪ್ಪತ್ತೆರಡು ಸಾವಿರ ರೂಪಾಯಿ ಆಯಿತು. ಅತ್ತಿಗೆ ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣದಿಂದ ತೆಗೆದುಕೊಟ್ಟರು. ಎಂಜಿನ್ ಹೋಗಿದ್ದರೆ ಕಾರೇ ಹೋಗುತ್ತಿತ್ತು, ಕಂತು ಮಾತ್ರ ಉಳಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆಯಿಂದ ನಾನು ಗ್ಯಾರೇಜಿನಲ್ಲೇ ಕುಳಿತೆ. ಮೊದಲು ಬ್ಯಾಟರಿಯ ಋಣ ತಂತಿ ಬಿಚ್ಚಿದ. ಆಯಿಲ್ ಇಳಿಸಿದ. ಎಂಜಿನ್ನಿನ ಕೆಳಗೆ ಮರದ ತುಂಡು ಇಟ್ಟು ಜಾಕ್ ಕೊಟ್ಟು, ಪಕ್ಕದ ಮೌಂಟಿಂಗ್ ಬಿಚ್ಚಿದ. ಮುಂದಿನ ಚಕ್ರ, ಹೊರಗಿನ ಬೆಲ್ಟ್, ಕ್ರ್ಯಾಂಕ್ ಪುಲ್ಲಿ, ಕೆಳಗಿನ ಆಯಿಲ್ ತೊಟ್ಟಿ, ಕೊನೆಗೆ ಸರಪಳಿಯ ಮುಚ್ಚಳ. ಒಂದೊಂದು ಜಾಗದ ಬೋಲ್ಟುಗಳನ್ನು ಒಂದೊಂದು ಡಬ್ಬಿಗೆ ಹಾಕಿ ಚೀಟಿ ಅಂಟಿಸಿದ. ಕೆಲವು ಎಂಜಿನ್ನುಗಳಲ್ಲಿ ಪುಲ್ಲಿಯ ಬೋಲ್ಟ್ ಉಲ್ಟಾ ಮರೆಯದಾಗಿರುತ್ತದಂತೆ. ಓದದೆ ಬಲ ಹಾಕಿದರೆ ಬಿಚ್ಚುವ ಬದಲು ಇನ್ನೂ ಬಿಗಿಯಾಗುತ್ತದೆ.

ಮುಚ್ಚಳ ತೆಗೆದಾಗ ಒಳಗಿನ ಸ್ಥಿತಿ ಕಂಡಿತು. ಟೆನ್ಷನರ್ ತನ್ನ ಕೊನೆಯ ಮಿತಿಯವರೆಗೆ ಚಾಚಿಕೊಂಡಿತ್ತು. ಪ್ಲಾಸ್ಟಿಕ್ ಪಟ್ಟಿಯಲ್ಲಿ ಸರಪಳಿ ಗೀರಿದ ಎರಡು ಆಳವಾದ ಗೆರೆಗಳಿದ್ದವು. ಅದರ ಒಂದು ಚೂರು ಮುರಿದು ಆಯಿಲ್ ಹೀರುವ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ಜಾಲರಿ ಕಟ್ಟಿದರೆ ಆಯಿಲ್ ಮೇಲೆ ಹೋಗುವುದಿಲ್ಲ, ಎಂಜಿನ್ ಹಿಡಿದುಕೊಳ್ಳುತ್ತದೆ. ಅಣ್ಣ ಆ ಚೂರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಕ್ರ್ಯಾಂಕನ್ನೂ ಕ್ಯಾಮನ್ನೂ ಪುಸ್ತಕದಲ್ಲಿ ಹೇಳಿದ ಸ್ಥಾನಕ್ಕೆ ತಂದು, ಅಲುಗದಂತೆ ಎರಡು ಪಿನ್ನುಗಳನ್ನು ತೂರಿಸಿ ಬಂಧಿಸಿದ. ನಂತರ ಟೆನ್ಷನರ್ ತೆಗೆದ, ಪಟ್ಟಿಗಳನ್ನು ತೆಗೆದ, ಸರಪಳಿಯನ್ನು ಬಿಡಿಸಿದ. ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ತೂಗುಹಾಕಿದ. ಹಳೆಯದು ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗೆ ಬಂತು. "ಇಷ್ಟೇನಾ?" ಎಂದೆ. "ಸರ್, ಇದು ಬಳೆಯ ಹಾಗೆ ಸುತ್ತಿಕೊಂಡಿದೆ. ತೂಗಿದಾಗ ಅರ್ಧ ಮಾತ್ರ ಕಾಣುತ್ತೆ, ಪೂರ್ತಿ ಉದ್ದಕ್ಕೆ ಎರಡರಿಂದ ಗುಣಿಸಬೇಕು" ಎಂದ. ನಾನು ಸುಮ್ಮನಾದೆ.

ಕೈಯಲ್ಲಿ ಎರಡು ಸುತ್ತು

ಈಗ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು. ಹೊಸ ಸರಪಳಿ ಹಾಕಿದ. ಪಟ್ಟಿಗಳನ್ನು ಕೂರಿಸಿದ. ಟೆನ್ಷನರ್ ಬಿಗಿಮಾಡಿ ಅದರ ಪಿನ್ನು ಎಳೆದ. ಅದು ಟಕ್ಕೆಂದು ಹೊರಬಂದು ಸರಪಳಿಯನ್ನು ಒತ್ತಿತು. ಆಗ ಮಧ್ಯಾಹ್ನ ಮೂರೂವರೆ. ಅಣ್ಣನಿಗೆ ರಾತ್ರಿ ಬಾಡಿಗೆ ಇತ್ತು. "ಮುಚ್ಚಳ ಹಾಕಿ ಸ್ಟಾರ್ಟ್ ಮಾಡಪ್ಪ" ಎಂದು ಅವಸರ ಮಾಡಿದರು. ಅವನು ಬಂಧನದ ಪಿನ್ನುಗಳನ್ನು ತೆಗೆದು, ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಕೈಯಿಂದ ತಿರುಗಿಸತೊಡಗಿದ. ಒಂದು ಸುತ್ತು, ಎರಡು ಸುತ್ತು. ಎರಡೇ ಏಕೆಂದರೆ ಕ್ಯಾಮ್ ಒಂದು ಸುತ್ತು ಪೂರೈಸಿ ಮೊದಲಿನ ಸ್ಥಾನಕ್ಕೆ ಬರಬೇಕಲ್ಲ. ಕೈಯಿಂದ ಏಕೆಂದರೆ ಒಳಗೆ ಏನಾದರೂ ತಗುಲಿದರೆ ಕೈಗೆ ತಿಳಿಯುತ್ತದೆ, ಅಲ್ಲೇ ನಿಲ್ಲಿಸಬಹುದು. ಸ್ಟಾರ್ಟರ್ ಮೋಟಾರಿಗೆ ಅದು ತಿಳಿಯುವುದಿಲ್ಲ.

ಎರಡು ಸುತ್ತಾದ ಮೇಲೆ ಪಿನ್ನುಗಳನ್ನು ಮತ್ತೆ ತೂರಿಸಿ ನೋಡಿದ. ಕೆಳಗಿನದು ಕೂತಿತು. ಮೇಲಿನದು ಕೂರಲಿಲ್ಲ.

ಒಂದು ಹಲ್ಲು ತಪ್ಪಿತ್ತು. ಸರಪಳಿಯ ಒಂದು ಬದಿ ನೇರವಾಗಿ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೇ ಬರಬೇಕು. ಹಾಕುವಾಗ ಬಿಗಿ ಇರಬೇಕಾದ ಬದಿಯಲ್ಲಿ ಸ್ವಲ್ಪ ಸಡಿಲ ಉಳಿದಿತ್ತು. ಕೆಳಗಿನ ಚಕ್ರಕ್ಕೆ 20 ಹಲ್ಲುಗಳಿದ್ದರೆ ಒಂದು ಹಲ್ಲು ಎಂದರೆ ಕ್ರ್ಯಾಂಕಿನ 18 ಡಿಗ್ರಿ. ಹಾಗೆಯೇ ಸ್ಟಾರ್ಟ್ ಮಾಡಿದ್ದರೆ ಕಾರು ಸರಿಯಾಗಿ ಓಡುತ್ತಿರಲಿಲ್ಲ, ವಾಲ್ವಿಗೂ ಅಪಾಯವಿತ್ತು. ಮುಚ್ಚಳ ಅಂಟಿಸಿ ಆಗಿದ್ದರೆ ಇಡೀ ದಿನದ ಕೆಲಸ ಮತ್ತೆ ಮೊದಲಿನಿಂದ.

ಅವನು ಯಾರನ್ನೂ ಬೈಯಲಿಲ್ಲ, ಮುಚ್ಚಿಡಲೂ ಇಲ್ಲ. "ಒಂದು ಹಲ್ಲು ತಪ್ಪಿದೆ, ನನ್ನದೇ ತಪ್ಪು" ಎಂದು ಶಾಗಿರ್ದ್ ಹುಡುಗನ ಮುಂದೆಯೇ ಹೇಳಿ ಟೆನ್ಷನರ್ ಬಿಚ್ಚಿದ. ಮತ್ತೆ ಹಾಕಿದ. ಮತ್ತೆ ಎರಡು ಸುತ್ತು. ಈ ಸಲ ಎರಡೂ ಪಿನ್ನುಗಳು ಬೆಣ್ಣೆಯಲ್ಲಿ ಇಳಿದ ಹಾಗೆ ಕೂತವು. ಮುಂದೆ ಈ ಕೆಲಸ ಕಲಿಯುವವರಿಗಾಗಿ ಒಂದು ಮಾತು. ಹಲವು ಎಂಜಿನ್ನುಗಳಲ್ಲಿ ಸರಪಳಿಯ ಕೆಲವು ಕೊಂಡಿಗಳಿಗೆ ಬಣ್ಣ ಇರುತ್ತದೆ, ಅವನ್ನು ಚಕ್ರದ ಗುರುತಿಗೆ ಸರಿಯಾಗಿ ಹೊಂದಿಸಬೇಕು. ಆದರೆ ಎರಡು ಸುತ್ತು ತಿರುಗಿಸಿದ ಮೇಲೆ ಆ ಬಣ್ಣದ ಕೊಂಡಿಗಳು ಬೇರೆಡೆ ಹೋಗಿರುತ್ತವೆ. ಗಾಬರಿ ಬೇಡ. ಆಗ ನೋಡಬೇಕಾದದ್ದು ಚಕ್ರದ ಗುರುತು ಮತ್ತು ಪಿನ್ನನ್ನು.

ಆಮೇಲೆ ಹಳೆಯ ಅಂಟನ್ನು ಪೂರ್ತಿ ಕೆರೆದು, ಹೊಸ ಅಂಟು ಹಚ್ಚಿ ಮುಚ್ಚಳ ಹಾಕಿದ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿಮಾಡಿದ. ಕೆಲವಕ್ಕೆ ಇಷ್ಟು ನ್ಯೂಟನ್ ಮೀಟರ್ ಆದ ಮೇಲೆ ಇಷ್ಟು ಡಿಗ್ರಿ ತಿರುಗಿಸು ಎಂಬ ಲೆಕ್ಕ ಇರುತ್ತದೆ. ಅಂಥ ಬೋಲ್ಟು ಬಹಳ ಸಲ ಒಮ್ಮೆ ಬಿಚ್ಚಿದರೆ ಮುಗಿಯಿತು, ಹೊಸದೇ ಹಾಕಬೇಕು. ಅಂಟು ಒಣಗುವವರೆಗೆ ಆಯಿಲ್ ತುಂಬಲಿಲ್ಲ. ಅಣ್ಣನ ರಾತ್ರಿ ಬಾಡಿಗೆ ತಪ್ಪಿತು. ಮರುದಿನ ಬೆಳಿಗ್ಗೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಡೀಸೆಲ್ ಹೋಗದಂತೆ ಮಾಡಿ, ಸ್ಟಾರ್ಟರನ್ನು ಕೆಲವು ಸಲ ತಿರುಗಿಸಿ ಟೆನ್ಷನರಿಗೆ ಆಯಿಲ್ ಮುಟ್ಟಿಸಿದ. ನಂತರ ಸ್ಟಾರ್ಟ್ ಮಾಡಿದ. ಮೊಳೆಡಬ್ಬಿಯ ಸದ್ದು ಇರಲಿಲ್ಲ.

ನೋಟ್ ಪುಸ್ತಕ

ಕೆಲಸದ ನಡುವೆ ಅವನು ಪದೇ ಪದೇ ಒಂದು ನೋಟ್ ಪುಸ್ತಕ ನೋಡುತ್ತಿದ್ದ. ಕೇಳಿ ತೆಗೆದುಕೊಂಡೆ. ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿದೆ. ಅದನ್ನು ಶಬ್ದಕೋಶ ಇಟ್ಟುಕೊಂಡು ಓದಿ, ಕ್ರಮಸಂಖ್ಯೆ ಹಾಕಿ, ಕನ್ನಡದಲ್ಲಿ ಬರೆದುಕೊಂಡಿದ್ದ. ನಡುನಡುವೆ ಉರ್ದು ಪದಗಳು. ಅಕ್ಷರ ನಾನೇ ತಿದ್ದಿದ ಅಕ್ಷರ. ಒತ್ತಕ್ಷರ ಈಗಲೂ ಅಲ್ಲಲ್ಲಿ ತಪ್ಪಿದೆ. ಬೋಲ್ಟಿನ ಅಳತೆ ಒಂದೂ ತಪ್ಪಿಲ್ಲ.

ಎರಡು ಸುತ್ತು ತಿರುಗಿಸುವುದನ್ನು ಯಾರು ಕಲಿಸಿದರು ಎಂದು ಕೇಳಿದೆ. "ಪುಸ್ತಕದಲ್ಲೇ ಇದೆ ಸರ್. ಆದರೆ ನೀವೂ ಹೇಳ್ತಿದ್ರಲ್ಲ, ಉತ್ತರ ಪತ್ರಿಕೆ ಕೊಡೋ ಮುಂಚೆ ಇನ್ನೊಂದ್ಸಲ ಓದಿ ಅಂತ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಏಕೆಂದರೆ ನನಗೆ ನೆನಪಾದದ್ದು ನಾನು ಅವನಿಗೆ ಹೇಳಿದ ಇನ್ನೊಂದು ಮಾತು. ಒಂಬತ್ತನೇ ತರಗತಿಯಲ್ಲಿ ಅವನು ಪದ್ಯ ಒಪ್ಪಿಸದಿದ್ದಾಗ ಇಡೀ ತರಗತಿಯ ಮುಂದೆ "ನಿನಗೆ ಗ್ಯಾರೇಜೇ ಗತಿ" ಎಂದಿದ್ದೆ. ಬಿ.ಎಡ್. ಮುಗಿಸಿ ಹೊಸದಾಗಿ ಸೇರಿದ ದಿನಗಳು. ಅದನ್ನು ಅವನು ಮರೆತಿದ್ದಾನೋ, ಮರೆತಂತೆ ಇದ್ದಾನೋ ನಾನು ಕೇಳಲಿಲ್ಲ. ಆ ದಿನ ಮನೆಗೆ ಬಂದ ಮೇಲೆ ಆ ಮಾತನ್ನು ಮತ್ತೆ ಯಾವ ಮಗುವಿಗೂ ಹೇಳಬಾರದೆಂದು ನಿಶ್ಚಯಿಸಿದೆ.

ಆದ್ದರಿಂದ ಹಿರಿಯರಲ್ಲಿ ಮತ್ತು ನನ್ನ ಸಹೋದ್ಯೋಗಿಗಳಲ್ಲಿ ನನ್ನದೊಂದು ವಿನಂತಿ. ಗ್ಯಾರೇಜನ್ನು ಮಕ್ಕಳನ್ನು ಹೆದರಿಸುವ ಪದವಾಗಿ ಬಳಸಬೇಡಿ. ಅಲ್ಲಿ ನಡೆಯುವುದು ಓದು, ಅಳತೆ, ಲೆಕ್ಕ ಮತ್ತು ಪ್ರಾಮಾಣಿಕತೆಯ ಕೆಲಸ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಇದೇ ಮಾತಿನ ಇನ್ನೊಂದು ಬದಿ. ಗ್ಯಾರೇಜಿಗೆ ಹೋಗುವುದಾದರೆ ಶಾಲೆ ಬಿಟ್ಟು ಹೋಗಬೇಡಿ, ಮುಗಿಸಿ ಹೋಗಿ. ಓದಲು ಬಾರದವನು ಬಿಚ್ಚಬಲ್ಲ, ಜೋಡಿಸಲಾರ. ಎಸ್.ಎಸ್.ಎಲ್.ಸಿ. ಆದವರಿಗೆ ಐ.ಟಿ.ಐ.ಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎಂಬ ಎರಡು ವರ್ಷದ ತರಬೇತಿ ಇದೆ. ಅದಾದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆದು ಕೆಲಸ ಕಲಿಯುವ ದಾರಿಯೂ ಇದೆ. ನನ್ನ ವಿದ್ಯಾರ್ಥಿ ಹೋದದ್ದೂ ಆ ದಾರಿಯಲ್ಲೇ. ನಮ್ಮ ಸಂಘ ಅವನಂಥವರ ನೋಟ್ ಪುಸ್ತಕಗಳನ್ನು ಪ್ರತಿ ಮಾಡಿಸಿ ಗ್ರಂಥಾಲಯದಲ್ಲಿ ಇಟ್ಟರೆ, ಇಂಗ್ಲಿಷಿಗೆ ಹೆದರುವ ಎಷ್ಟೋ ಹುಡುಗರಿಗೆ ಆಸರೆಯಾದೀತು ಎಂಬುದು ನನ್ನ ಸಲಹೆ.

ಮನೆಯಲ್ಲಿ ವಾಹನ ಇರುವವರು ಮೂರು ಸಂಗತಿ ನೆನಪಿಡಿ. ಆಯಿಲನ್ನು ಗಡುವಿಗೆ ಮೊದಲೇ ಬದಲಿಸಿ. ಬೆಳಗಿನ ಮೊದಲ ಮೂರು ಸೆಕೆಂಡಿನ ಸದ್ದಿಗೆ ಕಿವಿ ಕೊಡಿ. ಸರಪಳಿ ಬದಲಿಸುವ ದಿನ ಬಂದರೆ ಪೂರ್ತಿ ಬದಲಿಸಿ, ಮತ್ತು ಮೆಕ್ಯಾನಿಕ್ ಕೈಯಿಂದ ಎರಡು ಸುತ್ತು ತಿರುಗಿಸುವಾಗ ಅವಸರ ಮಾಡಬೇಡಿ.

ಅಣ್ಣನ ಕಾರು ಅದರ ನಂತರವೂ ಓಡಿತು. ಕಂತು ತೀರಿತು. ಮಗಳ ಫೀಸು ಒಂದು ತಿಂಗಳು ತಡವಾಗಿ ಕಟ್ಟಿದೆವು. ಹಳೆಯ ಸರಪಳಿಯನ್ನು ನಾನು ಕೇಳಿ ತಂದು ನನ್ನ ತರಗತಿಯ ಕಪಾಟಿನಲ್ಲಿಟ್ಟಿದ್ದೇನೆ. ಅದರ ಪಕ್ಕದಲ್ಲಿ ಯಾವ ಚೀಟಿಯನ್ನೂ ಅಂಟಿಸಿಲ್ಲ. ಮಕ್ಕಳು ಇದೇನು ಸರ್ ಎಂದು ಕೇಳಿದಾಗ ಹೇಳುತ್ತೇನೆ.